ಬಿಪಿ ಕಾಯಿಲೆ ಡ್ರೈವರ್‌ಗಳಲ್ಲೇ ಕಮ್ಮಿ ಬಂದಿದೆ, ನನ್ನ ಕೊಹಾರ್ಟ್ ಅಧ್ಯಯನ ಎಲ್ಲಿ ತಪ್ಪಿದೆ?

ಪಿಜಿ ಎರಡನೇ ವರ್ಷ:

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಲ್ಲಿ ಕಮ್ಯುನಿಟಿ ಮೆಡಿಸಿನ್ ಪಿಜಿ. ಥೀಸಿಸ್‌ಗೆ ಸಿಟಿ ಬಸ್ ಡ್ರೈವರ್‌ಗಳನ್ನೂ ಕಂಡಕ್ಟರ್‌ಗಳನ್ನೂ ತಗೊಂಡಿದ್ದೇನೆ. ಹತ್ತು ವರ್ಷದಲ್ಲಿ ಯಾರಿಗೆ ಬಿಪಿ ಜಾಸ್ತಿ ಶುರುವಾಗುತ್ತೆ ಅನ್ನೋದು ಪ್ರಶ್ನೆ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ದಿನಾ ಕ್ಲಚ್ ಒತ್ತಿಕೊಂಡು ಕೂತವರಿಗೆ ಬರದೆ ಇನ್ಯಾರಿಗೆ ಬರುತ್ತೆ ಅಂತ ಧೈರ್ಯವಾಗಿ ಶುರು ಮಾಡಿದೆ.

ಮಾಡಿದ್ದು ಹೀಗೆ. ಒಂದು ಡಿಪೋಗೆ ಹೋಗಿ ಈಗಿನ ಡ್ಯೂಟಿ ಚಾರ್ಟ್‌ನಿಂದ ಹೆಸರು ಬರೆದುಕೊಂಡೆ. ಅದರಲ್ಲೂ ಹತ್ತು ವರ್ಷ ಸರ್ವಿಸ್ ಆದವರು ಮಾತ್ರ. ಆಮೇಲೆ ಅವರ ಹಳೇ ಮೆಡಿಕಲ್ ಚೆಕಪ್ ಪುಸ್ತಕ ತೆಗೆಸಿ, ಆಗ ಬಿಪಿ ಸರಿ ಇದ್ದವರನ್ನು ಇಟ್ಟುಕೊಂಡು, ಈಗ ಎಷ್ಟು ಜನಕ್ಕೆ ಬಂದಿದೆ ಅಂತ ನೋಡಿದೆ. ಇದಕ್ಕೆ ರೆಟ್ರೋಸ್ಪೆಕ್ಟಿವ್ ಕೊಹಾರ್ಟ್ (ಹಳೇ ದಾಖಲೆ ಹಿಡಿದು ಒಂದು ಗುಂಪಿನ ಜನರಿಗೆ ಏನಾಯ್ತು ಅಂತ ನೋಡೋ ಅಧ್ಯಯನ) ಅಂತಾರೆ, ಬೇಗ ಮುಗಿಯುತ್ತೆ ಅಂದರು ಗೈಡ್.

ಮೊನ್ನೆ ಲೆಕ್ಕ ಹಾಕಿದರೆ ಉಲ್ಟಾ! ಡ್ರೈವರ್‌ಗಳಲ್ಲೇ ಕಮ್ಮಿ. ರಿಲೇಟಿವ್ ರಿಸ್ಕ್, ಅಂದ್ರೆ ಕಂಡಕ್ಟರ್‌ಗಳಿಗೆ ಹೋಲಿಸಿದರೆ ಡ್ರೈವರ್‌ಗಳ ಅಪಾಯ ಎಷ್ಟು ಪಟ್ಟು ಅನ್ನೋದು, ಒಂದಕ್ಕಿಂತ ಕೆಳಗೆ. ಕಾನ್ಫಿಡೆನ್ಸ್ ಇಂಟರ್ವಲ್ (ಆ ಅಂದಾಜಿನ ಎರಡೂ ಬದಿಯ ಅಂಚು) ಕೂಡ ಒಂದನ್ನು ಮುಟ್ಟುವುದಿಲ್ಲ, ಹಾಗಾಗಿ ಬರೀ ಆಕಸ್ಮಿಕ ಅನ್ನೋದೂ ಕಷ್ಟ. ವಯಸ್ಸು, ಬೀಡಿ ಸಿಗರೇಟು, ಈಗಿನ ತೂಕ ಎಲ್ಲಾ ಅಡ್ಜಸ್ಟ್ ಮಾಡಿದರೂ, ಅಂದ್ರೆ ಅವುಗಳ ವ್ಯತ್ಯಾಸ ಕಳೆದು ಹೋಲಿಸಿದರೂ, ಹಾಗೇ ಇದೆ. ಹೊಸ ವಿಷಯ ಸಿಕ್ಕಿದೆ, ಬರಿ ಅಂತ ಗೈಡ್ ಖುಷಿಯಲ್ಲಿದ್ದಾರೆ. ನನಗೆ ಬರೆಯೋಕೆ ಕೈ ಓಡ್ತಿಲ್ಲ. ಸ್ಟೀರಿಂಗ್ ಹಿಡಿದರೆ ಬಿಪಿ ಬರಲ್ಲ ಅಂತ ಯಾವ ಬಾಯಲ್ಲಿ ಹೇಳಲಿ?

ಹಳೇ ಫೀಲ್ಡ್ ಮನುಷ್ಯ:

ಕೈ ಓಡದೆ ಇದ್ದದ್ದೇ ಒಳ್ಳೇದಾಯ್ತು ಡಾಕ್ಟ್ರೇ. ಎಡವಿದ ಜಾಗ ನಿಮ್ಮ ಪೋಸ್ಟ್‌ನಲ್ಲೇ ಇದೆ: "ಈಗಿನ ಡ್ಯೂಟಿ ಚಾರ್ಟ್."

ಸುಮ್ನೆ ಲೆಕ್ಕಕ್ಕೆ ಅಂದುಕೊಳ್ಳಿ. ಹತ್ತು ವರ್ಷದ ಹಿಂದೆ 100 ಡ್ರೈವರ್, 100 ಕಂಡಕ್ಟರ್ ಇದ್ದರು, ಯಾರಿಗೂ ಬಿಪಿ ಇರಲಿಲ್ಲ. ಅವರಲ್ಲಿ 30 ಡ್ರೈವರ್‌ಗಳಿಗೆ, 20 ಕಂಡಕ್ಟರ್‌ಗಳಿಗೆ ಬಂತು. ನಿಜವಾದ ರಿಲೇಟಿವ್ ರಿಸ್ಕ್ 1.5. ಆದರೆ ಬಿಪಿ ಏರಿದ ಡ್ರೈವರ್‌ನ ಸ್ಟೀರಿಂಗ್ ಮೇಲೆ ಕೂರಿಸೋಕೆ ಹಿಂದೆ ಮುಂದೆ ನೋಡ್ತಾರೆ. ಆ 30ರಲ್ಲಿ 18 ಜನ ಲೈಟ್ ಡ್ಯೂಟಿಗೋ ಮನೆಗೋ ಹೋದರು ಅಂತಿಟ್ಟುಕೊಳ್ಳಿ. ಇವತ್ತು ನಿಮ್ಮ ಚಾರ್ಟ್‌ನಲ್ಲಿ 82 ಡ್ರೈವರ್, ಅವರಲ್ಲಿ ಬಿಪಿ ಇರೋರು 12. ಕಂಡಕ್ಟರ್‌ಗಳು 100ಕ್ಕೆ 20 ಹಾಗೇ ಇದ್ದಾರೆ. ಈಗ ಭಾಗಿಸಿ ನೋಡಿ: 0.73. ರೋಗ ಕಮ್ಮಿ ಆಗಿಲ್ಲ, ರೋಗಿಗಳು ಪಟ್ಟಿಯಿಂದ ಎದ್ದು ಹೋಗಿದ್ದಾರೆ ಅಷ್ಟೇ. ಮದುವೆ ಮನೆಯ ಕೊನೇ ಪಂಕ್ತಿಗೆ ಬಂದು, ಇಲ್ಲಿ ಹೋಳಿಗೆ ಮಾಡೇ ಇಲ್ಲ ಅಂದ ಹಾಗೆ.

ಆ 18ರಲ್ಲಿ ಕೆಲವರು ಟಿಕೆಟ್ ಕೆಲಸಕ್ಕೆ ಬಂದು ನಿಮ್ಮ ಕಂಡಕ್ಟರ್ ಪಟ್ಟಿಗೆ ಸೇರಿದ್ದರಂತೂ ಲೆಕ್ಕ ಇನ್ನೂ ಕೆಡುತ್ತೆ. ಡ್ರೈವಿಂಗ್‌ನಿಂದ ಬಂದ ಬಿಪಿ ಕಂಡಕ್ಟರ್ ಖಾತೆಗೆ ಹೋಗುತ್ತೆ.

ರೆಟ್ರೋಸ್ಪೆಕ್ಟಿವ್ ಕೊಹಾರ್ಟ್ ಅಂದ್ರೆ ಈಗ ಇರೋರನ್ನು ಹಿಡಿದು ಹಿಂದಕ್ಕೆ ಹೋಗೋದಲ್ಲ. ಆಗ ಇದ್ದವರನ್ನೆಲ್ಲ ಹಿಡಿದು ಮುಂದಕ್ಕೆ ಬರೋದು. ಪುಸ್ತಕ ಹಳೇದು, ನಡೆಯೋ ದಿಕ್ಕು ಮುಂದಕ್ಕೇ.

ನಮ್ಮ ಮೈಸೂರಲ್ಲೇ ಇದಕ್ಕೆ ಒಳ್ಳೇ ಉದಾಹರಣೆ ಇದೆ. ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ. ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆ ಸುತ್ತಳತೆ ಬರೆದಿಟ್ಟಿದ್ದರು. ಹಲವು ದಶಕ ಆದಮೇಲೆ ಆ ಮಕ್ಕಳನ್ನು ಹುಡುಕಿ, ಯಾರಿಗೆ ಹೃದಯದ ಕಾಯಿಲೆ ಅಂತ ನೋಡಿದರು. ಹುಟ್ಟುವಾಗ ಸಣ್ಣಗಿದ್ದವರಲ್ಲಿ ಜಾಸ್ತಿ ಕಂಡಿತು, 1996ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಮಗುವನ್ನು ತೂಗಿದ ನರ್ಸಮ್ಮನಿಗೆ ಮುಂದೆ ಯಾರಿಗೆ ಏನಾಗುತ್ತೆ ಅಂತ ಗೊತ್ತಿರಲಿಲ್ಲವಲ್ಲ, ಅದೇ ಆ ಪುಸ್ತಕದ ಬಲ. ಆದರೆ ಅಲ್ಲೂ ಸಿಕ್ಕಿದ್ದು 517 ಜನ, ಬದುಕಿದ್ದು ಆಸ್ಪತ್ರೆ ಸುತ್ತಮುತ್ತಲೇ ಉಳಿದವರು. ಊರು ಬಿಟ್ಟವರು, ತೀರಿಹೋದವರು ಲೆಕ್ಕದಲ್ಲಿಲ್ಲ. ಓದುವಾಗ ಅದನ್ನೂ ನೆನಪಲ್ಲಿ ಇಟ್ಟುಕೊಳ್ಳಬೇಕು.

ಡೇಟಾ ಹುಡುಗ:

ಇಷ್ಟೆಲ್ಲ ಯಾಕೆ? ಪ್ರೊಪೆನ್ಸಿಟಿ ಸ್ಕೋರ್ ಹಾಕಿ, ವಯಸ್ಸು ಚಟ ಎಲ್ಲ ಹೋಲುವ ಡ್ರೈವರ್‌ಗೆ ಕಂಡಕ್ಟರ್‌ನ ಮ್ಯಾಚ್ ಮಾಡಿದರೆ ಸರಿಹೋಗುತ್ತೆ. ಆರ್ ಸಾಫ್ಟ್‌ವೇರ್‌ನಲ್ಲಿ ನಾಲ್ಕು ಸಾಲು.

ಹಳೇ ಫೀಲ್ಡ್ ಮನುಷ್ಯ:

ಎಕ್ಸೆಲ್‌ನಲ್ಲಿ ಇಲ್ಲದ ಮನುಷ್ಯನನ್ನು ಯಾವ ಸ್ಕೋರ್ ಮ್ಯಾಚ್ ಮಾಡುತ್ತೆ ಮಾರಾಯಾ?

ಕಂಡಕ್ಟರ್ ಮಗಳು:

ನಾನು ಡಾಕ್ಟರ್ ಅಲ್ಲ, ಬ್ಯಾಂಕಲ್ಲಿ ಕೆಲಸ. ಬಸ್ಸಿನ ವಿಷಯ ಅಂತ ಓದಿದೆ. ನಮ್ಮ ತಂದೆ ಚಾಲಕ ಕಂ ನಿರ್ವಾಹಕ ಆಗಿದ್ದವರು, ಹೆಸರಿಗೆ ತಕ್ಕ ಹಾಗೆ ಎರಡೂ ಮಾಡ್ತಿದ್ದರು. ಒಂದಷ್ಟು ದಿನ ಸ್ಟೀರಿಂಗ್, ಒಂದಷ್ಟು ದಿನ ಟಿಕೆಟ್ ಮಷಿನ್. ಮೇಡಂ, ನೀವು ಅವರನ್ನು ಯಾವ ಪಟ್ಟಿಗೆ ಹಾಕ್ತೀರಿ?

ಇನ್ನೊಂದು. ಚೆಕಪ್ ದಿನ ನಮ್ಮನೇಲಿ ದೊಡ್ಡ ಸಂಭ್ರಮ. ಹಿಂದಿನ ರಾತ್ರಿ ಉಪ್ಪಿನಕಾಯಿ ಬಂದ್. ಬೆಳಗ್ಗೆ ಕಾಫಿ ಇಲ್ಲ. ಹೊರಗಡೆ ಡಾಕ್ಟರ್ ಹತ್ರ ತೋರಿಸಿಕೊಂಡು ತಂದ ಮಾತ್ರೆಯನ್ನು ಅಮ್ಮ ಕೈಗೆ ಕೊಡ್ತಿದ್ದರು, ಅಪ್ಪ ನುಂಗಿ ಹತ್ತು ನಿಮಿಷ ಕಣ್ಣು ಮುಚ್ಚಿ ಮಲಗಿ ಆಮೇಲೆ ಶರ್ಟ್ ಹಾಕ್ಕೊಳ್ಳೋರು. ಪುಸ್ತಕದಲ್ಲಿ ಬಿಪಿ ನಾರ್ಮಲ್. ಸ್ಟೀರಿಂಗ್ ತಪ್ಪಿದರೆ ಓವರ್‌ಟೈಮ್ ದುಡ್ಡು ಹೋಗುತ್ತೆ, ಮನೆ ಕಂತು ಕಟ್ಟೋರ್ಯಾರು? ಬರೀ ಕಂಡಕ್ಟರ್ ಆಗಿದ್ದ ನಮ್ಮ ಚಿಕ್ಕಪ್ಪನಿಗೆ ಈ ತಲೆನೋವು ಇರಲಿಲ್ಲ. ಬಿಪಿ ಇದ್ದರೆ ಟಿಕೆಟ್ ಕೊಡೋಕೆ ಯಾರೂ ಬೇಡ ಅನ್ನಲ್ಲ ನೋಡಿ.

ಪಿಜಿ ಎರಡನೇ ವರ್ಷ:

ಅಯ್ಯೋ ಅಕ್ಕಾ, ಇದು ನನ್ನ ತಲೆಗೇ ಬಂದಿರಲಿಲ್ಲ. ಚೆಕಪ್ ಪುಸ್ತಕವನ್ನೇ ನಂಬಿ ಕೂತಿದ್ದೆ. ಚಾಲಕ ಕಂ ನಿರ್ವಾಹಕರನ್ನು ಹತ್ತು ವರ್ಷದಲ್ಲಿ ಯಾವ ಕೆಲಸ ಜಾಸ್ತಿ ಮಾಡಿದರೋ ಅದಕ್ಕೆ ಸೇರಿಸಿಬಿಟ್ಟಿದ್ದೇನೆ. ಅದೂ ತಪ್ಪೇ?

ಮಲ್ಲೇಶ್ವರದ ಲೆಕ್ಕಿಗ:

ತಪ್ಪೇ. ಮೊದಲು ಅಕ್ಕ ಹೇಳಿದ್ದು. ಎರಡೂ ಗುಂಪಿನಲ್ಲಿ ಅಳತೆ ಒಂದೇ ಥರ ತಪ್ಪಿದ್ದರೆ, ಸಾಮಾನ್ಯವಾಗಿ ವ್ಯತ್ಯಾಸ ಮಸುಕಾಗುತ್ತೆ ಅಷ್ಟೇ. ಇಲ್ಲಿ ಒಂದು ಗುಂಪಿಗೆ ಮಾತ್ರ ಮುಚ್ಚಿಡೋಕೆ ಕಾರಣ ಇದೆ. ಅದು ಫಲಿತಾಂಶವನ್ನು ಒಂದೇ ಕಡೆಗೆ ಎಳೆಯುತ್ತೆ. ಡಿಪೋ ಪುಸ್ತಕದ ಬಿಪಿಯನ್ನು ಕೊನೇ ಅಳತೆಯಾಗಿ ಇಟ್ಟುಕೊಳ್ಳಲೇಬೇಡಿ. ನೀವೇ ಹೋಗಿ ಅಳೆಯಿರಿ, ಮಾತ್ರೆ ಕೇಳಿ, ಸಾಧ್ಯವಾದರೆ ಮನೇಲಿ. ಇದು ಡಿಪೋಗೆ ಹೋಗಲ್ಲ ಅಂತ ಮೊದಲೇ ಹೇಳಿ, ಹೇಳಿದ ಹಾಗೆ ನಡೆದುಕೊಳ್ಳಿ. ಕೆಲಸ ಹೋಗೋ ಭಯ ಇರುವ ಕಡೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡರೆ ಸಾಲದು.

ಈಗ ಕೆಲಸ ಬದಲಾಗೋ ವಿಷಯ. ಮನುಷ್ಯನನ್ನು ಎಣಿಸಬೇಡಿ, ಅವನ ವರ್ಷಗಳನ್ನು ಎಣಿಸಿ. ಮೂರು ವರ್ಷ ಸ್ಟೀರಿಂಗ್, ಆಮೇಲೆ ನಾಲ್ಕು ವರ್ಷ ಟಿಕೆಟ್, ಅಷ್ಟರಲ್ಲಿ ಬಿಪಿ ಬಂತು ಅಂದ್ರೆ ಮೂರು ವರ್ಷ ಡ್ರೈವರ್ ಖಾತೆಗೆ, ನಾಲ್ಕು ಕಂಡಕ್ಟರ್ ಖಾತೆಗೆ. ಇದೇ ಪರ್ಸನ್ ಇಯರ್ಸ್. ಬಿಪಿ ಯಾವ ಖಾತೆಗೆ ಅನ್ನೋದಕ್ಕೆ ಮಾತ್ರ ಯೋಚನೆ ಮಾಡಬೇಕು, ಹಳೇ ಕೆಲಸದ ಪರಿಣಾಮ ನಿಧಾನವಾಗಿ ಬರಬಹುದು. ಕೂಡಿಟ್ಟ ಡ್ರೈವಿಂಗ್ ವರ್ಷಗಳನ್ನೇ ಲೆಕ್ಕಕ್ಕೆ ತಗೊಳ್ಳೋದು ಒಂದು ದಾರಿ. ಆದರೆ ಮುಂದೆ ಏನು ಮಾಡಿದ ಅನ್ನೋದನ್ನು ನೋಡಿ ಮೊದಲ ದಿನದಿಂದಲೇ ಹಣೆಪಟ್ಟಿ ಹಚ್ಚಬಾರದು.

ಇದರಲ್ಲಿ ದೊಡ್ಡವರೂ ಮುಗ್ಗರಿಸಿದ್ದಾರೆ. ಆಸ್ಕರ್ ಗೆದ್ದ ನಟ ನಟಿಯರು ಉಳಿದವರಿಗಿಂತ ಸುಮಾರು ನಾಲ್ಕು ವರ್ಷ ಜಾಸ್ತಿ ಬದುಕುತ್ತಾರೆ ಅಂತ 2001ರಲ್ಲಿ ಒಂದು ಲೇಖನ ಬಂತು, ಪೇಪರ್‌ನವರು ಎತ್ತಿ ಕುಣಿದರು. ಗೆಲ್ಲಬೇಕು ಅಂದ್ರೆ ಗೆಲ್ಲೋ ದಿನದವರೆಗೆ ಬದುಕಿರಬೇಕು ಅಲ್ವಾ? ಅರವತ್ತಕ್ಕೆ ಗೆದ್ದವರ ಮೊದಲ ಅರವತ್ತು ವರ್ಷವನ್ನೂ ಗೆದ್ದವರ ಖಾತೆಗೆ ಹಾಕಿದ್ದರು. 2006ರಲ್ಲಿ ಬೇರೆಯವರು ಸರಿಯಾಗಿ ಲೆಕ್ಕ ಹಾಕಿದಾಗ ಆ ಲಾಭ ಬಹುಪಾಲು ಕರಗಿಹೋಯಿತು. "ಹತ್ತು ವರ್ಷ ಸರ್ವಿಸ್ ಆದವರು ಮಾತ್ರ" ಅನ್ನೋ ನಿಮ್ಮ ಷರತ್ತು ಇದರ ತಮ್ಮ.

ಇನ್ನು ತೂಕ. ಇದಕ್ಕೆ ಲಂಡನ್ ಬಸ್ಸಿನ ಕತೆ ಹೇಳಲೇಬೇಕು, ನನಗೆ ಬಹಳ ಇಷ್ಟ. 1953ರಲ್ಲಿ ಅಲ್ಲಿನ ಸಂಶೋಧಕ ಜೆರ್ರಿ ಮಾರಿಸ್ ಮತ್ತು ಜೊತೆಯವರು ತೋರಿಸಿದರು, ಕೂತು ಓಡಿಸೋ ಡ್ರೈವರ್‌ಗಳಿಗೆ ಹೃದಯದ ಕಾಯಿಲೆ ಜಾಸ್ತಿ, ಡಬಲ್ ಡೆಕರ್ ಮೆಟ್ಟಿಲು ಹತ್ತಿ ಇಳಿಯೋ ಕಂಡಕ್ಟರ್‌ಗಳಿಗೆ ಕಮ್ಮಿ. ಎಲ್ಲರೂ ವ್ಯಾಯಾಮದ ಮಹಿಮೆ ಅಂದರು. ಮಾರಿಸ್ ಅಷ್ಟಕ್ಕೆ ಸುಮ್ಮನಾಗಲಿಲ್ಲ. ಸಂಸ್ಥೆಯವರು ಹೊಲಿಸಿಕೊಡೋ ಸಮವಸ್ತ್ರದ ಅಳತೆ ಪುಸ್ತಕ ತರಿಸಿದರು. ನೋಡಿದರೆ ಡ್ರೈವರ್‌ಗಳ ಪ್ಯಾಂಟಿನ ಸೊಂಟ ಚಿಕ್ಕ ವಯಸ್ಸಿನಲ್ಲೇ ಕಂಡಕ್ಟರ್‌ಗಳಿಗಿಂತ ದೊಡ್ಡದು! ಅಂದ್ರೆ ಕೆಲಸಕ್ಕೆ ಸೇರುವಾಗಲೇ ಎರಡು ಗುಂಪೂ ಒಂದೇ ಥರ ಇರಲಿಲ್ಲ. ಅದನ್ನೂ 1956ರಲ್ಲಿ ತಾವೇ ಪ್ರಕಟಿಸಿದರು. ತಮ್ಮ ಫಲಿತಾಂಶಕ್ಕೆ ತಾವೇ ಟೇಪು ಹಿಡಿದರು ಅಂತಾಯ್ತು. ನಮ್ಮೂರಲ್ಲೂ ಒಂದು ಕಾಲಕ್ಕೆ ಡಬಲ್ ಡೆಕರ್ ಓಡ್ತಿತ್ತು, ಈಗಿನ ಕಂಡಕ್ಟರ್‌ಗೆ ಮೆಟ್ಟಿಲಿಲ್ಲ, ಬರೀ ನೂಕಾಟ.

ಆದ್ದರಿಂದ ಸೇರಿದ ದಿನದ ತೂಕಕ್ಕೆ ಅಡ್ಜಸ್ಟ್ ಮಾಡಿ. ಈಗಿನ ತೂಕಕ್ಕೆ ಬೇಡ. ಹತ್ತು ವರ್ಷ ಸೀಟಲ್ಲಿ ಕೂತು ಬಂದ ಹೊಟ್ಟೆ ಡ್ರೈವಿಂಗ್‌ನದೇ ಕೊಡುಗೆ ಇರಬಹುದು. ಅದನ್ನು ಅಡ್ಜಸ್ಟ್ ಮಾಡಿ ತೆಗೆದರೆ, ಡ್ರೈವಿಂಗ್ ಮಾಡಿದ ಕೆಡುಕಿನಲ್ಲಿ ಒಂದು ಪಾಲನ್ನು ನೀವೇ ಒರೆಸಿ ಹಾಕಿದ ಹಾಗೆ.

ಪಿಜಿ ಎರಡನೇ ವರ್ಷ:

ಸಾರ್, ಓದುತ್ತಾ ಬೆವರು ಬಂತು. ಇವತ್ತು ಮತ್ತೆ ಡಿಪೋಗೆ ಹೋಗಿದ್ದೆ. ಹತ್ತು ವರ್ಷದ ಹಿಂದಿನ ಹಾಜರಿ ಪುಸ್ತಕ ಸ್ಟೋರ್ ರೂಮಲ್ಲಿ ಹಳೇ ಟೈರ್‌ಗಳ ಹಿಂದೆ ಸಿಕ್ಕಿತು, ಗೆದ್ದಲು ಅಂಚು ಮಾತ್ರ ತಿಂದಿದೆ. ಹೆಸರು, ಸೇರಿದ ದಿನ, ಆಗಿನ ಕೆಲಸ ಓದೋಕೆ ಬರುತ್ತೆ. ಆದರೆ ಇವರಲ್ಲಿ ಬಹಳ ಜನ ಈಗ ಇಲ್ಲಿಲ್ಲ. ಕೊಟ್ಟಿರೋ ಫೋನ್ ನಂಬರ್ ಹಚ್ಚಿದರೆ ಬೇರೆ ಯಾರೋ ಎತ್ತುತ್ತಾರೆ.

ಹಳೇ ಫೀಲ್ಡ್ ಮನುಷ್ಯ:

ಬೆಂಗಳೂರಲ್ಲಿ ಇದೇ ಗೋಳು. ಹನ್ನೊಂದು ತಿಂಗಳ ಅಗ್ರಿಮೆಂಟ್, ಆಮೇಲೆ ಇನ್ನೊಂದು ಏರಿಯಾ, ಇನ್ನೊಂದು ಸಿಮ್. ಬ್ರಿಟನ್ನಿನ ಸಂಶೋಧಕರು ಡಾಲ್ ಮತ್ತು ಹಿಲ್ 1951ರಲ್ಲಿ ಸಿಗರೇಟಿನ ಅಧ್ಯಯನಕ್ಕೆ ಬ್ರಿಟಿಷ್ ಡಾಕ್ಟರ್‌ಗಳನ್ನೇ ಆರಿಸಿಕೊಂಡಿದ್ದು ಸುಮ್ನೆ ಅಲ್ಲ. ಡಾಕ್ಟರ್ ಎಲ್ಲೇ ಹೋದರೂ ರಿಜಿಸ್ಟರ್‌ನಲ್ಲಿ ಹೆಸರು ಇರುತ್ತೆ. ಹಾಗಾಗಿ ಐವತ್ತು ವರ್ಷ ಬೆನ್ನು ಹತ್ತಲು ಆಯಿತು.

ನಿಮಗೂ ಅಂಥ ದಾರ ಬೇಕು. ಎಥಿಕ್ಸ್ ಕಮಿಟಿಗೆ ತಿದ್ದುಪಡಿ ಕೊಟ್ಟು, ಅನುಮತಿ ಸಿಕ್ಕಮೇಲೆ ನೌಕರರ ಪತ್ತಿನ ಸಹಕಾರ ಸಂಘ, ಯೂನಿಯನ್, ಪೆನ್ಷನ್ ಕಡೆ ಕೇಳಿ. ಸಾಲ ತಗೊಂಡವನ ವಿಳಾಸ ಸಂಘದವರ ಹತ್ರ ಪಕ್ಕಾ ಇರುತ್ತೆ. ಡಿಪೋ ಮುಂದಿನ ಟೀ ಅಂಗಡಿಯವರನ್ನೂ ಮಾತಾಡಿಸಿ, ನನ್ನ ಕಾಲದಲ್ಲಿ ಅರ್ಧ ಫಾಲೋ ಅಪ್ ಆಗಿದ್ದು ಅಲ್ಲೇ. ಆದರೆ ಅಲ್ಲಿ ವಿಳಾಸ ಮಾತ್ರ ಕೇಳಿ, ಬಿಪಿ ಸುದ್ದಿ ಎತ್ತಬೇಡಿ. ತೀರಿಹೋದವರ ಮನೆಗೂ ಹೋಗಬೇಕಾಗುತ್ತೆ, ಸಾವಿನ ಕಾರಣ ಕೇಳೋದು ಕಷ್ಟದ ಕೆಲಸ, ಒಬ್ಬರೇ ಹೋಗಬೇಡಿ.

ಎಷ್ಟೇ ಹುಡುಕಿದರೂ ಕೆಲವರು ಸಿಗಲ್ಲ. ಅವರನ್ನು ಅಳಿಸಬೇಡಿ. ಸಿಗದ ಡ್ರೈವರ್ ಎಷ್ಟು, ಕಂಡಕ್ಟರ್ ಎಷ್ಟು ಅಂತ ಬೇರೆ ಬೇರೆ ಬರೆಯಿರಿ. ಸಿಗದ ಡ್ರೈವರ್‌ಗಳಿಗೆಲ್ಲ ಬಿಪಿ ಇತ್ತು, ಕಂಡಕ್ಟರ್‌ಗಳಿಗೆ ಯಾರಿಗೂ ಇರಲಿಲ್ಲ ಅಂತ ಒಂದು ಸಲ ಲೆಕ್ಕ ಹಾಕಿ. ಆಮೇಲೆ ತಿರುವುಮುರುವು ಮಾಡಿ ಇನ್ನೊಂದು ಸಲ. ಎರಡು ಉತ್ತರಗಳ ನಡುವೆ ಆನೆ ಹೋಗೋಷ್ಟು ಜಾಗ ಇದ್ದರೆ ಅದನ್ನೇ ಥೀಸಿಸ್‌ನಲ್ಲಿ ಬರೆಯಿರಿ, ಪರೀಕ್ಷಕರು ಕೇಳೋ ಮೊದಲೇ.

ಕಂಡಕ್ಟರ್ ಮಗಳು:

ಮೇಡಂ, ನಮ್ಮ ತಂದೆ ರಿಟೈರ್ ಆಗಿ ಮನೇಲೇ ಇದ್ದಾರೆ. ಅವರ ಬ್ಯಾಚಿನ ವಾಟ್ಸಾಪ್ ಗ್ರೂಪ್ ಇದೆ, ಬೆಳಗ್ಗೆ ಎದ್ದರೆ ಬರೀ ಗುಡ್ ಮಾರ್ನಿಂಗ್ ಹೂವು. ನಿಮ್ಮ ಅನುಮತಿ ಪತ್ರ ಕೈಗೆ ಬಂದಮೇಲೆ ಮೆಸೇಜ್ ಮಾಡಿ. ಅಪ್ಪನಿಗೆ ಕೇಳಿದೆ, "ಈಗ ಬೇಕಾದರೆ ನಿಜವಾದ ಬಿಪಿ ತೋರಿಸ್ತೀನಿ" ಅಂದರು.