ಫಾರ್ಮುಲಾ ಕಳವು, ಹೊಳೆಯಲ್ಲಿ ಸಾವು: ವಕೀಲರಲ್ಲಿ ಕೇಳಿ

ಸುರತ್ಕಲ್: ಸರ್, ನಮ್ಮ ಭಾವ ಬೈಕಂಪಾಡಿಯ ಒಂದು ಮಸಾಲೆ ಕಂಪೆನಿಯ ಲ್ಯಾಬಲ್ಲಿದ್ದರು. ಅಲ್ಲಿನ ಫಾರ್ಮುಲಾ ಬೇರೆ ಕಂಪೆನಿಗೆ ಹೋಗಿದೆ ಅಂತ ಗಲಾಟೆ ಆಗಿತ್ತು. "ಕೊಟ್ಟವರು ಯಾರು ಅಂತ ನಂಗೆ ಗೊತ್ತುಂಟು" ಅಂದಿದ್ದರು. ಮೂರನೇ ದಿನ ಕೂಳೂರಲ್ಲಿ ಫಲ್ಗುಣಿ ಹೊಳೆಯಲ್ಲಿ ಸಿಕ್ಕಿದರು. ಪೊಲೀಸರು ಯುಡಿಆರ್ (ಅಸಹಜ ಸಾವಿನ ವರದಿ) ಮಾಡಿ, ಕಳ್ಳತನದ ಹೆಸರು ಬಂತು, ಆತ್ಮಹತ್ಯೆ ಅನ್ನುತ್ತಾರೆ. ಫೋನು ಮನೆಯಲ್ಲೇ ಇತ್ತು. ಆ ಸಂಜೆ ಮ್ಯಾನೇಜರ್ ಕರೆದ ಮೆಸೇಜ್ ಅದರಲ್ಲುಂಟು. ಭಾವನ ಮಗ ದಿನಾ ತೆಗೆದು ನೋಡ್ತಾನೆ. ಸ್ಕ್ರೀನ್‌ಶಾಟ್ ಸಾಕಲ್ವಾ?

ವಕೀಲರು: ಸಾಲದು. ಮೊದಲು ಮಗನ ಕೈಯಿಂದ ಆ ಫೋನು ತೆಗೆದಿಡಿ ಅಮ್ಮ, ಇವತ್ತೇ. ಚಾರ್ಜಿಗೆ ಹಾಕಬೇಡಿ, ಸಿಮ್ ತೆಗೆಯಬೇಡಿ, ಮೆಸೇಜ್ ಯಾರಿಗೂ ಕಳಿಸಬೇಡಿ. ಠಾಣೆಗೆ ಪತ್ರದೊಂದಿಗೆ ಒಪ್ಪಿಸಿ ಸ್ವೀಕೃತಿ ಪಡೆಯಿರಿ. 2024ರ ಜುಲೈ 1ರಿಂದ ಜಾರಿಯಾದ ಸಾಕ್ಷ್ಯ ಅಧಿನಿಯಮದ ಕಲಂ 63ರಲ್ಲಿ ಎಲೆಕ್ಟ್ರಾನಿಕ್ ಸಾಕ್ಷ್ಯದ ಜೊತೆ ಕೊಡುವ ಪ್ರಮಾಣಪತ್ರಕ್ಕೆ ಎರಡು ಭಾಗ, ಒಂದು ಹಾಜರುಪಡಿಸುವವರದ್ದು, ಇನ್ನೊಂದು ತಜ್ಞರದ್ದು. ಎರಡರಲ್ಲೂ ಹ್ಯಾಶ್ ಮೌಲ್ಯ, ಅಂದರೆ ಫೈಲು ಬದಲಾಗಿಲ್ಲ ಎಂದು ತೋರಿಸುವ ಗುರುತುಸಂಕೇತ, ಬರೆಯಬೇಕು. ಸತ್ತವರ ಫೋನನ್ನು ಹುಡುಗ ದಿನಾ ತೆರೆದಿದ್ದಾನೆ ಎಂದಾದರೆ ಪಾಟೀಸವಾಲಿನಲ್ಲಿ ಅದನ್ನೇ ಹಿಡಿದು ಜಗ್ಗುತ್ತಾರೆ.

ನನಗೆ ತಲೆಬಿಸಿ ನೀರಿನದ್ದು. ಜೀವ ಇರುವಾಗ ಮುಳುಗಿದರೆ ನೀರಿನ ಡಯಾಟಮ್ ಎಂಬ ಸೂಕ್ಷ್ಮ ಪಾಚಿ ಶ್ವಾಸಕೋಶದಿಂದ ರಕ್ತಕ್ಕೆ ಸೇರಿ ಮೂಳೆಯ ಮಜ್ಜೆಯವರೆಗೆ ಹೋಗಬಹುದು. ಸತ್ತ ಮೇಲೆ ನೀರಿಗೆ ಹಾಕಿದರೆ ರಕ್ತವೇ ಓಡುವುದಿಲ್ಲ, ಅಷ್ಟು ದೂರ ಹೋಗದು. ಮಳೆಗಾಲ ಬಿಟ್ಟರೆ ಕೂಳೂರಿನವರೆಗೂ ಸಮುದ್ರದ ಭರತದ ಉಪ್ಪುನೀರು ಬರುತ್ತದೆ. ಮಜ್ಜೆಯಲ್ಲಿ ಬರೀ ಸಿಹಿನೀರಿನ ಜಾತಿ ಸಿಕ್ಕಿದರೆ ಮುಳುಗಿದ್ದು ಎಲ್ಲಿ ಎಂದು ಕೇಳಬೇಕಾಗುತ್ತದೆ. ಏನೂ ಸಿಗದಿದ್ದರೆ ಮುಳುಗಲೇ ಇಲ್ಲ ಎಂದೂ ಹೇಳುವಂತಿಲ್ಲ. ಮರಣೋತ್ತರ ಪರೀಕ್ಷೆಯಲ್ಲಿ ತೊಡೆಮೂಳೆ ತೆಗೆದಿಟ್ಟರಾ, ಹೊಳೆನೀರಿನ ಮಾದರಿ ತೆಗೆದರಾ, ವಿಚಾರಿಸಿ.

ಮ್ಯಾನೇಜರ್ ಫಾರ್ಮುಲಾ ಮಾರಿದ್ದು ಸಾಬೀತಾದರೂ ಅದು ಕೊಲೆಗೆ ಕಾರಣ ಆಗಬಹುದು, ಕೊಲೆಯ ಸಾಕ್ಷ್ಯ ಆಗುವುದಿಲ್ಲ. ಕಣ್ಣಾರೆ ಕಂಡವರಿಲ್ಲದ ಕೇಸಿನಲ್ಲಿ ಸಾಕ್ಷ್ಯದ ಕೊಂಡಿ ಒಂದೂ ಕಳಚಬಾರದು. ಸುಪ್ರೀಂ ಕೋರ್ಟಿನ 1984ರ ಶರದ್ ಬಿರ್ಧಿಚಂದ್ ಸಾರ್ಡಾ ತೀರ್ಪು ಹೇಳುವುದು ಅದನ್ನೇ.

ಕಾಪು: ಮ್ಯಾನೇಜರಿಗೆ ಔಷಧಿ ಕೊಟ್ಟು ಬಾಯಿ ಬಿಡಿಸುವ ನಾರ್ಕೋ ಮಾಡಿಸಿದರೆ ಮುಗೀತಲ್ಲ ಸರ್?

ವಕೀಲರು: ಅವನು ಒಪ್ಪದೆ ಆಗುವುದಿಲ್ಲ. ಸುಪ್ರೀಂ ಕೋರ್ಟಿನ ಸೆಲ್ವಿ ತೀರ್ಪು, 2010. ಕರ್ನಾಟಕದ್ದೇ ಕೇಸು.

ಮೂಲ್ಕಿ: ಫಾರ್ವರ್ಡ್ ಬಂದದ್ದು: "90 ದಿನದಲ್ಲಿ ಚಾರ್ಜ್‌ಶೀಟ್ ಹಾಕದಿದ್ದರೆ ಕೊಲೆ ಕೇಸು ರದ್ದು. ಎಲ್ಲರಿಗೂ ತಿಳಿಸಿ."

ವಕೀಲರು: ಯಾರಿಗೂ ತಿಳಿಸಬೇಡಿ. ಬಂಧನದಲ್ಲಿದ್ದವನಿಗೆ ಜಾಮೀನಿನ ಹಕ್ಕು ಬರುತ್ತದೆ, ಕೇಸು ಹಾಗೇ ಇರುತ್ತದೆ.

ಪಣಂಬೂರು: ಫಾರ್ಮುಲಾ ಕದ್ದವರಿಗೆ ಹೊಸ ಕಾನೂನಲ್ಲಿ ಜೀವಾವಧಿ ಅಂತೆ?

ವಕೀಲರು: ವ್ಯಾಪಾರ ರಹಸ್ಯಕ್ಕೆಂದೇ ನಮ್ಮಲ್ಲಿ ಪ್ರತ್ಯೇಕ ಕಾನೂನಿಲ್ಲ. ಕಾನೂನು ಆಯೋಗ 2024ರ ಮಾರ್ಚಲ್ಲಿ 289ನೇ ವರದಿಯೊಂದಿಗೆ ಕರಡು ಮಸೂದೆ ಕೊಟ್ಟಿದೆ, ಅಷ್ಟೇ. ಕಂಪ್ಯೂಟರಿನಿಂದ ಕದ್ದಿದ್ದರೆ ಐಟಿ ಕಾಯ್ದೆ ಕಲಂ 66, ಮೂರು ವರ್ಷದವರೆಗೆ ಜೈಲು.

ಉಡುಪಿ: ಮೂರೇ ವರ್ಷವಾ! ದೊಡ್ಡವರು ಮಾಡಿದ ಕಾನೂನಲ್ವಾ, ಅದಕ್ಕೆ.

ಪಣಂಬೂರು: ದೊಡ್ಡವರು ಎಂತಕ್ಕೆ ಮಾರಾಯ್ರೆ? ಪೆನ್‌ಡ್ರೈವಲ್ಲಿ ಹಾಕ್ಕೊಂಡು ಹೋಗುದು ಕೆಲಸದವರೇ. ನಾನು ಎಚ್‌ಆರ್‌ನಲ್ಲಿದ್ದೇನೆ, ನೋಡಿದ್ದೇನೆ.

ಉಡುಪಿ: ಎಚ್‌ಆರ್‌ನವರು ಇನ್ನೆಂತ ಹೇಳ್ತೀರಿ. ಇಲ್ಲಿ ಒಬ್ಬರ ಜೀವ ಹೋಗಿದೆ.

ಪಣಂಬೂರು: ಸತ್ತವರ ಬಗ್ಗೆ ನಾನು ಒಂದು ಮಾತೂ ಆಡಲಿಲ್ಲ. ಬಾಯಿಗೆ ಬಂದದ್ದು ಬರೀಬೇಡಿ.

ಕುಂದಾಪುರ: ನೋಟರಿಯವರು ಆದಿತ್ಯವಾರ ಸಿಗ್ತಾರಾ?

ಮಣಿಪಾಲ: ಸುರತ್ಕಲ್‌ನವರೇ, ನಾಲ್ಕು ಜನ ಹೋಗಿ ಮ್ಯಾನೇಜರನ್ನು ಕೂರಿಸಿ ಒಪ್ಪಿಸಿ ವಿಡಿಯೋ ಮಾಡಿ. ಕೋರ್ಟಲ್ಲಿ ಅದು ಗಟ್ಟಿ ಸಾಕ್ಷಿ ಅಂತ ಒಂದು ವಿಡಿಯೋದಲ್ಲಿ ನೋಡಿದೆ.

ವಕೀಲರು: ಜೈಲಿಗೆ ಹೋಗುವುದು ಆ ನಾಲ್ಕು ಜನ. ಬೆದರಿಸಿ ಬಾಯಿ ಬಿಡಿಸಿದ ತಪ್ಪೊಪ್ಪಿಗೆಗೆ ಬೆಲೆ ಇಲ್ಲ. ಪೊಲೀಸರ ಎದುರು ಒಪ್ಪಿದ್ದನ್ನೇ ಕೋರ್ಟು ಅವನ ವಿರುದ್ಧ ತೆಗೆದುಕೊಳ್ಳುವುದಿಲ್ಲ, ನಿಮ್ಮ ವಿಡಿಯೋ ಯಾವ ಲೆಕ್ಕ? ಇಂಥದ್ದನ್ನು ಇನ್ನು ಇಲ್ಲಿ ಹಾಕಿದರೆ ನಾನು ಉತ್ತರ ಕೊಡುವುದಿಲ್ಲ.

ಕಾಪು: ಸುಳ್ಳು ಪತ್ತೆ ಯಂತ್ರ ಆದರೂ ಆಗ್ತದಾ ಸರ್?

ವಕೀಲರು: ಅದೇ ತೀರ್ಪು. ಅದಕ್ಕೂ ಒಪ್ಪಿಗೆ ಬೇಕು.

ಸುರತ್ಕಲ್: ಸರ್, ಠಾಣೆಯಲ್ಲಿ ಕೊಲೆ ದೂರು ತೆಗೆದುಕೊಳ್ಳಲಿಲ್ಲ. ಫೋನು ಮಾತ್ರ ಇಟ್ಟುಕೊಂಡರು, ಸ್ವೀಕೃತಿ ಉಂಟು.

ವಕೀಲರು: ಒಳ್ಳೆಯದಾಯಿತು. ದೂರನ್ನು ಅಂಚೆಯಲ್ಲಿ ಕಮಿಷನರಿಗೆ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಆಗಲೂ ಎಫ್‌ಐಆರ್ ಆಗದಿದ್ದರೆ ಬಿಎನ್‌ಎಸ್‌ಎಸ್ (ಹೊಸ ಕ್ರಿಮಿನಲ್ ಪ್ರಕ್ರಿಯಾ ಕಾನೂನು) ಕಲಂ 175(3)ರಲ್ಲಿ ಅಫಿಡವಿಟ್ ಸಹಿತ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕುವ. ಕಂಪೆನಿ ಗೇಟಿನದ್ದು, ಕೂಳೂರು ಸೇತುವೆ ಹತ್ತಿರದ ಅಂಗಡಿಗಳದ್ದು, ಎರಡೂ ಕಡೆಯ ಸಿಸಿಟಿವಿ ಉಳಿಸಿಡಬೇಕೆಂದು ಅದೇ ದೂರಿನಲ್ಲಿ ಬರೆಯಿರಿ. ಹಳೆಯದು ತಾನಾಗಿ ಅಳಿಸಿಹೋಗುತ್ತದೆ, ನಾಳೆ ಮಾಡುವ ಅನ್ನಬೇಡಿ.

ಉಡುಪಿ: ಕಂಪೆನಿಯವರು ಇಷ್ಟರಲ್ಲಿ ಅಳಿಸಿರ್ತಾರೆ. ಎಚ್‌ಆರ್‌ನವರನ್ನು ಕೇಳಿ, ಗೊತ್ತಿರ್ತದೆ.

ಪಣಂಬೂರು: ಅಡ್ಮಿನ್, ಒಂದೋ ಇವರು, ಇಲ್ಲಾ ನಾನು.