ಮನೆ ಗುಂಪಿನಲ್ಲಿ ಬಂದ ಮೈಸೂರು ಫಾರ್ವರ್ಡ್

ದೊಡ್ಡಪ್ಪ (ಫಾರ್ವರ್ಡ್): "ಬ್ರಿಟಿಷರು ಆಳಿದ ಸೀಮೆ ಹಿಂದುಳಿಯಿತು. ರಾಜರು ಆಳಿದ ಸೀಮೆ ಮುಂದೆ ಬಂತು. ಮೈಸೂರೇ ಸಾಕ್ಷಿ. ಎಲ್ಲರಿಗೂ ಕಳಿಸಿ."

ದೊಡ್ಡಪ್ಪ: ಎಷ್ಟು ಸರಿಯಾಗಿ ಬರೆದಿದ್ದಾರೆ ನೋಡಿ. ಹುಡುಗರೆಲ್ಲ ಓದಬೇಕು.

ರಾಯಚೂರು ಭಾವ: ಮಾವ, ಬೇಜಾರು ಮಾಡ್ಕೋಬೇಡಿ. ನಮ್ಮನ್ನು ಆಳಿದ್ದೂ ಬ್ರಿಟಿಷರಲ್ಲ, ನಿಜಾಮರು. ಸಾಲದ ಬಾಕಿಗೆ ಅಂತ ಬ್ರಿಟಿಷರು 1853ರಲ್ಲಿ ರಾಯಚೂರು ಸೀಮೆ ತಗೊಂಡರು, 1860ರಲ್ಲಿ ವಾಪಸ್ ಕೊಟ್ಟರು. ಏಳೇ ವರ್ಷ. ಹಾಗಾದರೆ ನಾವೂ ಮುಂದೆ ಬರಬೇಕಿತ್ತಲ್ವಾ? ಯಾವ ತಾಲ್ಲೂಕು ಎಷ್ಟು ಹಿಂದುಳಿದಿದೆ ಅಂತ ಲೆಕ್ಕ ಹಾಕಿದ 2002ರ ನಂಜುಂಡಪ್ಪ ವರದಿ ತೆಗೆದು ನೋಡಿ. ಅತಿ ಹಿಂದುಳಿದ ತಾಲ್ಲೂಕು 39, ಅದರಲ್ಲಿ 21 ನಮ್ಮ ಕಲಬುರಗಿ ವಿಭಾಗದವೇ.

ದೊಡ್ಡಪ್ಪ: ಅಳಿಯಂದಿರೇ, ಎಲ್ಲ ರಾಜರೂ ಒಂದೇ ಅಂತ ನಾನು ಹೇಳುತ್ತಿಲ್ಲ. ನಮ್ಮವರು ಕನ್ನಂಬಾಡಿ ಕಟ್ಟಿದರು. 1913ರಲ್ಲಿ ಬ್ಯಾಂಕು, 1916ರಲ್ಲಿ ವಿಶ್ವವಿದ್ಯಾಲಯ. 1881ರಿಂದಲೇ ಪ್ರಜಾಪ್ರತಿನಿಧಿ ಸಭೆ. ಮಂಡ್ಯದ ಹೊಲಕ್ಕೆ ನಾಲೆ ನೀರು ಬಂದ ಮೇಲೆ ತಾತ ಕಬ್ಬು ಹಾಕಿದರು. ಕಬ್ಬಿನ ದುಡ್ಡಲ್ಲೇ ನಾವೆಲ್ಲ ಓದಿದ್ದು. ಇದನ್ನು ಹೇಗೆ ಮರೆಯಲಿ?

ನಾನು: ಮರೆಯೋದು ಬೇಡ ದೊಡ್ಡಪ್ಪ. ಆದರೆ 1831ರಿಂದ 1881ರವರೆಗೆ ಮೈಸೂರನ್ನೂ ಬ್ರಿಟಿಷ್ ಕಮಿಷನರುಗಳೇ ಆಳಿದ್ದು. ಫಾರ್ವರ್ಡ್‌ನಲ್ಲಿ ಆ ಐವತ್ತು ವರ್ಷ ಇಲ್ಲವೇ ಇಲ್ಲ. ಶಿವನಸಮುದ್ರದ ಕರೆಂಟು ಕೂಡ 1902ರಲ್ಲಿ ಮೊದಲು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ, ಬ್ರಿಟಿಷ್ ಕಂಪನಿಗಳಿಗೆ. ಬೆಂಗಳೂರಿಗೆ ದೀಪ ಬಂದಿದ್ದು 1905ರಲ್ಲಿ.

ದೊಡ್ಡಪ್ಪ: ಬಂತಲ್ಲ ಮಗಳೇ. ಗಣಿಯವರು ಕರೆಂಟಿಗೆ ಕೊಟ್ಟ ದುಡ್ಡು ಮೈಸೂರಿನ ಖಜಾನೆಗೇ ಸೇರಿತು.

ಧಾರವಾಡ ಅತ್ತೆ: ಅಣ್ಣ, ನಮ್ಮದು ಪೂರ್ತಿ ಬ್ರಿಟಿಷರ ಸೀಮೆ, ಮುಂಬೈ ಪ್ರಾಂತ್ಯ. ಹತ್ತಿ ಸಾಗಿಸೋಕೆ ರೈಲು ಬೇಗ ಬಂತು, ಕಾಲೇಜಿಗೆ ಮಾತ್ರ 1917ರವರೆಗೆ ಕಾಯಬೇಕಾಯಿತು. ಕಂದಾಯ ಕಟ್ಟಲಾಗದೆ ಹೊಲ ಸಾವುಕಾರನ ಪಾಲಾದ ಮನೆಗಳೂ ಇವೆ. ಆದರೂ ಎರಡು ಮಾತು ಹೇಳಲೇಬೇಕು. ರೈತವಾರಿ, ಅಂದರೆ ರೈತನೇ ಸರ್ಕಾರಕ್ಕೆ ನೇರ ಕಂದಾಯ ಕಟ್ಟುವ ಪದ್ಧತಿ, ಇದ್ದದ್ದರಿಂದ ಹೊಲ ರೈತನ ಹೆಸರಿಗೇ ಇತ್ತು. ಡೆಪ್ಯೂಟಿ ಚನ್ನಬಸಪ್ಪನವರಂಥ ಶಿಕ್ಷಣಾಧಿಕಾರಿಗಳು ದುಡಿದದ್ದರಿಂದ ಕನ್ನಡ ಶಾಲೆ ಇತ್ತು.

ರಾಯಚೂರು ಭಾವ: ಅತ್ತೆ, ಆ ಎರಡೇ ನಮಗೆ ಸಿಗಲಿಲ್ಲ. ಹೈದರಾಬಾದ್ ಸಂಸ್ಥಾನದಲ್ಲಿ ಎಷ್ಟೋ ಹಳ್ಳಿ ಜಾಗೀರು. ಉಳುವವನು ಒಬ್ಬ, ಕಂದಾಯ ತಿನ್ನುವವನು ಇನ್ನೊಬ್ಬ. 1884ರಿಂದ ಸರ್ಕಾರದ ಭಾಷೆ ಉರ್ದು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಬಂತು, ಪಾಠವೂ ಉರ್ದುವಿನಲ್ಲೇ. ಕನ್ನಡದ ಹುಡುಗ ಎಲ್ಲಿಗೆ ಹೋಗಬೇಕು? ಮಾಂಜ್ರಾ ಹೊಳೆ ಬೀದರಿನ ಮೇಲೇ ಹರಿಯುತ್ತದೆ. ಅದಕ್ಕೆ ನಿಜಾಮ್ ಸಾಗರ ಅಣೆಕಟ್ಟು ಕಟ್ಟಿದ್ದು ಮಾತ್ರ ಹೊಳೆಯ ಕೆಳಗಡೆ, ತೆಲಂಗಾಣದಲ್ಲಿ. ನೀವು 1911ರಲ್ಲೇ ಕನ್ನಂಬಾಡಿ ಶುರು ಮಾಡಿದಿರಿ. ನಮ್ಮ ತುಂಗಭದ್ರೆಗೆ ಒಂದು ದಡ ಮದ್ರಾಸಿನದು, ಇನ್ನೊಂದು ನಿಜಾಮರದು. ಅಣೆಕಟ್ಟಿನ ಕೆಲಸ ಶುರುವಾಗಿದ್ದೇ 1945ರಲ್ಲಿ. ಮೂವತ್ತನಾಲ್ಕು ವರ್ಷ, ಮಾವ! ನಿಮ್ಮ ಮನೆಯಲ್ಲಿ ಒಂದು ತಲೆಮಾರು ಓದಿ ಮುಗಿಸಿತ್ತು.

ರಾಯಚೂರು ಭಾವ: ಅದಕ್ಕೇ ರಾಜರೋ ಬ್ರಿಟಿಷರೋ ಅನ್ನೋ ಪ್ರಶ್ನೆಯೇ ನನಗೆ ಒಪ್ಪಿಗೆಯಾಗಲ್ಲ. ಹೊಲ ಯಾರ ಹೆಸರಿಗಿತ್ತು, ಕಂದಾಯದ ದುಡ್ಡು ಯಾವ ಊರಲ್ಲಿ ಖರ್ಚಾಯಿತು, ಮಗು ಯಾವ ಭಾಷೆಯಲ್ಲಿ ಕಲಿಯಿತು ಅಂತ ಕೇಳಿ. ನಮ್ಮ ಭಾಗಕ್ಕೆ ಓದು, ಕೆಲಸದಲ್ಲಿ ಮೀಸಲು ಕೊಡುವ ಸಂವಿಧಾನದ 371 ಜೆ ಬಂದಾಗ ಇವರಿಗ್ಯಾಕೆ ಮೀಸಲಾತಿ ಅಂದವರಿಗೂ ನಾನು ಇದನ್ನೇ ಹೇಳಿದೆ.

ರಾಯಚೂರು ಭಾವ: (ಫೋಟೊ) ಇದು ನಮ್ಮ ಮುತ್ತಜ್ಜನ ಹೊಲದ ಕಾಗದ. ಟ್ರಂಕಿನ ತಳದಲ್ಲಿತ್ತು. ಮಡಚಿದ ಕಡೆಯೆಲ್ಲ ಹರಿದಿದೆ. ಮುತ್ತಜ್ಜನಿಗೆ ಉರ್ದು ಬರುತ್ತಿರಲಿಲ್ಲ, ಹೆಬ್ಬೆಟ್ಟು ಒತ್ತಿದ್ದಾರೆ. ಏನು ಬರೆದಿದೆ ಅಂತ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೋದ ತಿಂಗಳು ಗುರುತಿನ ಮೇಷ್ಟ್ರೊಬ್ಬರ ಹತ್ತಿರ ಓದಿಸಿದೆ.

ದೊಡ್ಡಪ್ಪ: ಹೊಲ ಮುತ್ತಜ್ಜನದೇ ಅಂತ ಬರೆದಿದೆಯಾ?

ರಾಯಚೂರು ಭಾವ: ಇಲ್ಲ ಮಾವ. ಜಾಗೀರುದಾರರದು ಅಂತಿದೆ. ಮುತ್ತಜ್ಜ ಗೇಣಿಗೆ ಮಾಡುವವರು.

ದೊಡ್ಡಪ್ಪ: ಆ ಫಾರ್ವರ್ಡ್ ಅಳಿಸಿದ್ದೇನೆ. ಮೇಷ್ಟ್ರು ಓದಿದ್ದನ್ನು ಕನ್ನಡದಲ್ಲಿ ಬರೆದು ಇಲ್ಲೇ ಹಾಕಿ, ಪೂರ್ತಿ ಹಾಕಿ.