ಪದಚರ್ಚೆ: ಮಿಡಲ್‌ವೇರ್‌ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಇಲ್ಲಿ ಧಾರವಾಡದಲ್ಲಿ ಡಿಪ್ಲೊಮಾ ಹುಡುಗರಿಗಾಗಿ ವೈರ್‌ಲೆಸ್ ಸೆನ್ಸಾರ್ ಜಾಲಗಳ ಪಾಠವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಸಂವೇದಕ, ಜಾಲ ಎರಡೂ ರೂಢಿಯ ಮಾತು. ನೋಡ್ ಅನ್ನು, ಅಂದರೆ ಸೆನ್ಸಾರ್, ರೇಡಿಯೊ, ಪುಟ್ಟ ಕಂಪ್ಯೂಟರ್ ಕೂಡಿದ ಜಾಲದ ಒಂದೊಂದು ಘಟಕವನ್ನು, ಹಾಗೇ ಬಿಟ್ಟಿದ್ದೇನೆ. ತೊಡಕಿರುವುದು ಮಿಡಲ್‌ವೇರ್‌ನಲ್ಲಿ, ಅಂದರೆ ಆಪರೇಟಿಂಗ್ ಸಿಸ್ಟಮ್‌ಗೂ ನಮ್ಮ ಪ್ರೋಗ್ರಾಂಗೂ ನಡುವೆ ಕೆಲಸ ಮಾಡುವ ತಂತ್ರಾಂಶದಲ್ಲಿ.

ತಂತ್ರಾಂಶ, ಯಂತ್ರಾಂಶಗಳ ಸಾಲಿಗೆ ‘ಮಧ್ಯಾಂಶ’ ಸೇರಿಸಿ ತರಗತಿಯಲ್ಲಿ ಓದಿಸಿದೆ. ಬ್ಯಾಡಗಿ ಕಡೆಯ ಹುಡುಗ ಕೇಳಿದ: “ಸರ್, ಹಂಗಾದ್ರ ಇದನ್ನ ಹೊಲದ ನಡುವ ಎಲ್ಲಿ ಇಡಬೇಕ್ರಿ?” ಕೇಳಿದ್ದು ಸರಿಯಾಗಿಯೇ ಇದೆ. ಸೆನ್ಸಾರಿಗೂ ಕಂಪ್ಯೂಟರಿಗೂ ನಡುವೆ ಕೂತ ಪೆಟ್ಟಿಗೆ ಎಂದರೆ ಅದು ಗೇಟ್‌ವೇ. ಮಿಡಲ್‌ವೇರ್‌ನ ‘ನಡು’ ಮೇಲೆ-ಕೆಳಗಿನ ಲೆಕ್ಕದ್ದು: ಕೆಳಗೆ ಆಪರೇಟಿಂಗ್ ಸಿಸ್ಟಮ್, ರೇಡಿಯೊ, ಮೇಲೆ ನಮ್ಮ ಪ್ರೋಗ್ರಾಂ. 1968ರಲ್ಲಿ ಜರ್ಮನಿಯ ಗಾರ್ಮಿಶ್‌ನಲ್ಲಿ ನಡೆದ ನ್ಯಾಟೊ ತಂತ್ರಾಂಶ ಸಮ್ಮೇಳನದ ವರದಿಯ ಚಿತ್ರದಲ್ಲೂ ಈ ಪದ ಹೀಗೆ ಅಟ್ಟದ ಮೇಲೆ ಅಟ್ಟವಾಗಿಯೇ ಬರುತ್ತದೆ. ಸೆನ್ಸಾರ್ ಜಾಲದಲ್ಲಂತೂ ಅದರ ತುಣುಕು ಪ್ರತಿ ನೋಡಿನೊಳಗೂ ಇರುತ್ತದೆ.

‘ಮಧ್ಯಾಂಶ’ಕ್ಕೆ ಇನ್ನೊಂದು ಅಡ್ಡಿ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದವರ ಟೈನಿಡಿಬಿ ಎಂಬ ಮಿಡಲ್‌ವೇರ್ ತೆಗೆದುಕೊಳ್ಳಿ. “ಮೂವತ್ತು ಸೆಕೆಂಡಿಗೊಮ್ಮೆ ಸರಾಸರಿ ಉಷ್ಣತೆ ಕೊಡು” ಎಂದು ಎಸ್‌ಕ್ಯೂಎಲ್ (ಡೇಟಾಬೇಸನ್ನು ಪ್ರಶ್ನಿಸುವ ಭಾಷೆ) ಧಾಟಿಯಲ್ಲಿ ಕೇಳಿದರೆ ಪ್ರಶ್ನೆ ನೋಡಿನಿಂದ ನೋಡಿಗೆ ಹರಡುತ್ತದೆ. ಉತ್ತರ ಬರುವಾಗ ದಾರಿಯಲ್ಲೇ ಕೂಡುತ್ತ ಬರುತ್ತದೆ. ಆಗಿನ ಮೈಕಾ2 ನೋಡಿಗೆ ಎರಡು ಎಎ ಸೆಲ್ಲು, 4 ಕಿಲೋಬೈಟ್ ರ್‍ಯಾಮ್. ಸೆಲ್ಲಿಗೆ ಲೆಕ್ಕ ಮಾಡುವುದು ಅಗ್ಗ, ರೇಡಿಯೊದಲ್ಲಿ ಕಳಿಸುವುದು ದುಬಾರಿ. ಆದರೆ ಸರಾಸರಿಗಳ ಸರಾಸರಿ ತೆಗೆದರೆ ಲೆಕ್ಕ ಕೆಡುತ್ತದೆ: ಜಾಲದ ಒಂದು ಕೊಂಬೆಯಲ್ಲಿ ಒಂದೇ ನೋಡು 30 ಡಿಗ್ರಿ, ಇನ್ನೊಂದರಲ್ಲಿ ಒಂಬತ್ತು ನೋಡುಗಳ ಸರಾಸರಿ 20 ಇದ್ದರೆ ನಿಜ ಉತ್ತರ 21, ಹಾಗೆ ತೆಗೆದರೆ 25. ಅದಕ್ಕೇ ಮೊತ್ತ, ಎಣಿಕೆ ಎರಡನ್ನೂ ಜೊತೆಗೆ ಕಳಿಸುತ್ತಾರೆ. ಈಗ ಇದೇ ಪ್ಯಾರಾದಲ್ಲಿ ಸರಾಸರಿ, ಮಧ್ಯಾಂಕ (ಮೀಡಿಯನ್), ಮಧ್ಯಾಂಶ ಮೂರೂ ಬಂದರೆ ಓದುವವರ ಗತಿಯೇನು?

‘ದಲಾಲ’ ಎನ್ನಿ ಎಂದರು ಹುಬ್ಬಳ್ಳಿಯ ಗೆಳೆಯರು, ಅರ್ಧ ಚೇಷ್ಟೆಗೆ. ಪೂರಾ ತಳ್ಳಿಹಾಕುವ ಹಾಗಿಲ್ಲ. ಮೆಣಸಿನಕಾಯಿ ಪೇಟೆಯಲ್ಲಿ ಖರೀದಿದಾರ ಕಡ್ಡಿ ತಳಿಯೋ ಡಬ್ಬಿ ತಳಿಯೋ, ಬಣ್ಣ ಹೇಗಿದೆ ಎನ್ನುತ್ತಾನೆಯೇ ಹೊರತು ಯಾವ ರೈತನದೆಂದು ಕೇಳುವುದಿಲ್ಲ. ಸಾವಿರ ನೋಡುಗಳ ಜಾಲದಲ್ಲೂ ಅಷ್ಟೇ, ಇಂದಿದ್ದ ನೋಡು ನಾಳೆ ಸೆಲ್ಲು ತೀರಿ ಸತ್ತಿರುತ್ತದೆ. ಹೆಸರು ಹಿಡಿದು ಕೇಳಿ ಪ್ರಯೋಜನವಿಲ್ಲ, “35 ಡಿಗ್ರಿ ದಾಟಿದ್ದು ಎಲ್ಲಿ” ಎಂದೇ ಕೇಳಬೇಕು. ಆದರೂ ದಲಾಲನಿಗೆ ಒಂದು ಅಂಗಡಿ ಇರುತ್ತದೆ. ಎಂಕ್ಯೂಟಿಟಿ ಎಂಬ ಸಂದೇಶ ಪದ್ಧತಿಯಲ್ಲಿ ನಡುವೆ ಕೂತು ಸಂದೇಶ ಹಂಚುವ ಸರ್ವರ್ ಆದ ಬ್ರೋಕರ್‌ಗೆ ಆ ಪದ ಚೆನ್ನಾಗಿ ಒಪ್ಪೀತು, ಇದಕ್ಕಲ್ಲ.

ಸದ್ಯ ‘ನಡುಪದರ’ದ ಕಡೆಗೆ ವಾಲಿದ್ದೇನೆ. ಪದರ ಎಂದ ಕೂಡಲೇ ಮೇಲೊಂದು ಕೆಳಗೊಂದು ಇದೆ ಎಂಬುದು ತಾನಾಗಿ ಬರುತ್ತದೆ. (ನಮ್ಮ ಕಡೆ ಪದರ ಅಂದರೆ ಸೀರೆಯ ಸೆರಗೂ ಹೌದು, ಹಿಂದಿನ ಬೆಂಚು ಒಂದೆರಡು ದಿನ ನಕ್ಕೀತು.) ‘ಮಧ್ಯಸ್ತರ’ವೂ ಅದೇ ಅರ್ಥ ಕೊಡುತ್ತದೆ, ಆದರೆ ಹುಡುಗರ ಬಾಯಲ್ಲಿ ಅದು ‘ಮಧ್ಯಸ್ಥ’ ಆಗಿ ಮತ್ತೆ ದಲಾಲನ ಬಳಿಗೇ ಹೋಗುತ್ತದೆ.

ನನ್ನ ಪ್ರಶ್ನೆ ಎರಡು. ‘ನಡುಪದರ’ವನ್ನು ಭೂವಿಜ್ಞಾನದಲ್ಲೋ ಜೀವವಿಜ್ಞಾನದಲ್ಲೋ ಬೇರೆ ಅರ್ಥಕ್ಕೆ ಈಗಾಗಲೇ ಬಳಸಿದ್ದಾರೆಯೇ? “ನೋಡುಗಳ ನಡುಪದರವನ್ನು ರೇಡಿಯೊ ಮೂಲಕವೇ ಹೊಸದಾಗಿಸಬಹುದು” ಎಂಬ ವಾಕ್ಯ ನಿಮ್ಮ ಕಿವಿಗೆ ಸರಿ ಕೇಳುತ್ತದೆಯೇ, ಇಲ್ಲಾ ಮಿಡಲ್‌ವೇರ್ ಎಂದೇ ಬಿಡಲೇ? ಬೇರೆ ಪದ ಸೂಚಿಸುವವರು ಇದೇ ವಾಕ್ಯದಲ್ಲಿ ಕೂರಿಸಿ ತೋರಿಸಿದರೆ ಒಳ್ಳೆಯದು.